ಬೇವಿನ ಮರದೊಳಗಿನ ಬಾಣಂತಿ

ಮೂರನೇ ಇಯತ್ತೆಯ ಹುಡುಗರಿಗೆ ಹಲಗೆಯ ಮೇಲೆ ಮಗ್ಗಿ ಬರೆಯುತ್ತಿದ್ದೆ. ಕೈಯಲ್ಲಿದ್ದ ಸುಣ್ಣದ ಖಡು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆನ್ನು ಬಗ್ಗಲಿಲ್ಲ. ನೋವಿನಿಂದ ಅಲ್ಲ, ನೋವು ನಾಲ್ಕು ತಿಂಗಳಿಂದ ಇದ್ದೇ ಇತ್ತು. ಇದು ಬೇರೆ ಥರ. ಬೆನ್ನಿನೊಳಗೆ ಯಾರೋ ಕೋಲು ನೆಟ್ಟ ಹಾಗೆ. ಮೆಲ್ಲಗೆ ಮೊಣಕಾಲು ಮಡಿಸಿ, ಬೆನ್ನು ನೆಟ್ಟಗೇ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತು ಖಡು ಎತ್ತಿಕೊಂಡೆ. ಹುಡುಗರು ನಕ್ಕರು, ನಾನೂ ನಕ್ಕೆ. ಆಮೇಲೆ ಹಲಗೆ ಹಿಡಿದುಕೊಂಡು ಏಳುವಷ್ಟರಲ್ಲಿ ಅಂಗಿ ಪೂರ್ತಿ ಬೆವರಿನಲ್ಲಿ ತೊಯ್ದಿತ್ತು.

ಇದು ಐವತ್ತರ ದಶಕದ ಮಾತು. ಆಗ ನನಗೆ ಇಪ್ಪತ್ತಾರು, ಹುನಗುಂದದ ಕನ್ನಡ ಸಾಲಿಯಲ್ಲಿ ಮಾಸ್ತರ. ಮನೆ ಕಮತಗಿಯಲ್ಲಿ. ಮನೆಯಲ್ಲಿ ಅವ್ವ, ಕಾಳಿನ ಅಂಗಡಿ ನೋಡಿಕೊಳ್ಳುವ ಅಣ್ಣ, ಮತ್ತೆ ವರ್ಷದ ಹಿಂದೆ ಇಳಕಲ್ಲಿನಿಂದ ಮದುವೆಯಾಗಿ ಬಂದ ನನ್ನ ಹೆಂಡತಿ ನೀಲವ್ವ. ಸೈಕಲ್ಲು ತುಳಿದು ತುಳಿದು ಬೆನ್ನು ಹಿಡಿದಿದೆ ಎಂದು ಅಣ್ಣ ಹೇಳುತ್ತಿದ್ದ. ದೃಷ್ಟಿಯಾಗಿದೆ ಎಂದು ಅವ್ವ. ದಿನಾ ಸಂಜೆ ನನಗೆ ಸಣ್ಣ ಜ್ವರ ಬರುತ್ತಿದ್ದುದು ನೀಲವ್ವನಿಗೆ ಮಾತ್ರ ಗೊತ್ತಿತ್ತು. ಹಣೆಯ ಮೇಲೆ ಕೈಯಿಟ್ಟು ನೋಡಿ ಹೋಗುತ್ತಿದ್ದಳು.

ಬಾಗಲಕೋಟೆಯ ಡಾಕ್ಟರು ನನ್ನನ್ನು ಮುಟ್ಟಿ ನೋಡುವ ಮೊದಲೇ ತಮ್ಮ ಪೆನ್ಸಿಲ್ಲನ್ನು ನೆಲಕ್ಕೆ ಬೀಳಿಸಿದರು. “ಮಾಸ್ತರ, ಅದನ್ನಷ್ಟು ಎತ್ತಿ ಕೊಡ್ರಿ” ಅಂದರು. ನಾನು ಸಾಲಿಯಲ್ಲಿ ಮಾಡಿದ ಹಾಗೇ ಕುಕ್ಕರಗಾಲಲ್ಲಿ ಕೂತು ಎತ್ತಿಕೊಟ್ಟೆ. ಅವರು ಅಣ್ಣನ ಮುಖ ನೋಡಿದರು. ಹುಬ್ಬಳ್ಳಿಗೆ ಹೋಗಿ ಬೆನ್ನಿನ ಫೋಟೋ ತೆಗೆಸಬೇಕೆಂದರು.

ಹುಬ್ಬಳ್ಳಿಯ ದವಾಖಾನೆಯ ಬಾಕಿನ ಮೇಲೆ ಬೆಳಿಗ್ಗೆಯಿಂದ ಕೂತಿದ್ದೆವು. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು, ಅವಳ ಜೊತೆ ಆರೇಳು ವರ್ಷದ ಮಗಳು. ಆ ಹುಡುಗಿಗೆ ಬೆನ್ನಿನ ನಡುವೆ ಗೂನು. ಬಾಕಿನ ಮೇಲಿದ್ದವರ ಬೆನ್ನನ್ನೆಲ್ಲ ನೋಡುತ್ತ ನೋಡುತ್ತ ಬಂದು ನನ್ನ ಹಿಂದೆ ನಿಂತಳು. ಅಂಗಿಯ ಮೇಲೆಯೇ ನನ್ನ ಬೆನ್ನೆಲುಬನ್ನು ಒಂದು ಬೆರಳಿನಿಂದ ಮೇಲಿನಿಂದ ಕೆಳಗೆ ಸವರಿ, ಒಂದು ಕಡೆ ನಿಲ್ಲಿಸಿದಳು.

“ಇಲ್ಲಿಂದ ಬರತೈತ್ರಿ” ಅಂದಳು, ಗೆಳತಿಗೆ ಗುಟ್ಟು ಹೇಳುವವಳ ಹಾಗೆ.

ತಾಯಿ ಅವಳನ್ನು ಎಳೆದುಕೊಂಡಳು. ಒಂದು ತಾಸಿನ ಮೇಲೆ ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ಬೆರಳಿಟ್ಟಿದ್ದು ಅದೇ ಜಾಗದ ಮೇಲೆ. ಬೆನ್ನೆಲುಬಿಗೆ ಕ್ಷಯ. ಬೆನ್ನಿನ ಎರಡು ಮಣಿ ತಿಂದಿತ್ತು.

“ಸೂಜಿ ಬಂದಾವ ಈಗ, ಮೊದಲಿನಂಗ ಇಲ್ಲ. ಆದರ ಎಂಟು ತಿಂಗಳು ಅಂಗಾತ ಮಲಗಬೇಕು. ಏಳೂದಿಲ್ಲ, ಕೂಡೂದಿಲ್ಲ, ಹೊಳ್ಳೂದಿಲ್ಲ” ಅಂದರು.

ನನ್ನನ್ನು ಬೋರಲು ಮಲಗಿಸಿ ಕುತ್ತಿಗೆಯಿಂದ ತೊಡೆಯವರೆಗೆ ಹಸಿ ಸುಣ್ಣದಂಥ ಪ್ಲಾಸ್ಟರಿನ ಪಟ್ಟಿಗಳನ್ನು ಹಾಸಿದರು. ಮೊದಲು ಬೆಚ್ಚಗಾಯಿತು. ಆಮೇಲೆ ಹೆಣದಷ್ಟು ತಣ್ಣಗಾಯಿತು. ಒಣಗಿದ ಮೇಲೆ ಅದನ್ನು ಎತ್ತಿ ತೋರಿಸಿದರು. ನನ್ನದೇ ಬೆನ್ನು, ಖಾಲಿ ದೋಣಿಯಂತೆ. ಇನ್ನು ಮುಂದೆ ನಾನು ಅದರೊಳಗೆ ಮಲಗಬೇಕು, ಪಟ್ಟಿ ಬಿಗಿದುಕೊಂಡು.

ಬಾಗಲಕೋಟೆ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಜೋಳದ ಕಣಕಿ ಹಾಸಿ ನನ್ನನ್ನು ಊರಿಗೆ ತಂದರು. ಗಾಡಿ ಹೊಡೆಯುವವನ ಹೆಸರು ಕೂಡ ನನಗೆ ನೆನಪಿಲ್ಲ. ಆದರೆ ಅಷ್ಟು ದಾರಿಯೂ ಅವನು ಗಾಡಿಯ ಮೇಲೆ ಕೂಡಲಿಲ್ಲ. ಎತ್ತಿನ ಮುಂದೆ ನಡೆಯುತ್ತ, ಒಂದೊಂದು ತಗ್ಗು ಬಂದಾಗಲೂ ಹಿಂದೆ ತಿರುಗಿ “ಮಾಸ್ತರ, ಈಗೊಂದು ಅಲುಗತೈತಿ, ಹಲ್ಲು ಕಚ್ಚಿ ಹಿಡೀರಿ” ಎಂದು ಹೇಳಿಯೇ ಇಳಿಸುತ್ತಿದ್ದ. ಮಲಗಿದವನಿಗೆ ಮುಂದೆ ಏನು ಬರುತ್ತದೆಂದು ಹೇಳುವವರು ಬೇಕು. ಆ ಎಂಟು ತಿಂಗಳಲ್ಲಿ ಅಂಥವರು ಎಷ್ಟು ಕಡಿಮೆ ಎಂಬುದು ತಿಳಿಯಿತು.

ಹಿತ್ತಲ ಪಡಸಾಲೆಯಲ್ಲಿ ನನ್ನ ಹೊರಸು ಹಾಕಿದರು. ಮನೆಯಲ್ಲಿ ಕ್ಷಯ ಎಂಬ ಮಾತು ಯಾರೂ ಆಡಲಿಲ್ಲ, ‘ಬೆನ್ನಿನ ಬ್ಯಾನಿ’ ಅಂದರು. ಆದರೂ ಓಣಿಯವರು ತಲಬಾಗಿಲಲ್ಲೇ ನಿಂತು ಮಾತಾಡಿ ಹೋಗತೊಡಗಿದರು. ನನಗೆ ಕಾಣುತ್ತಿದ್ದುದು ಜಂತಿ, ಜಂತಿಯ ನಡುವಿನ ಜೇಡ, ಅಷ್ಟೆ. ಒಂದು ವಾರ ಕಳೆದ ಮೇಲೆ ಅಣ್ಣ ತನ್ನ ಗಡ್ಡ ಕೆರೆಯುವ ಕನ್ನಡಿಯನ್ನು ತಂದು ನನ್ನ ತಲೆಯ ಮೇಲೆ ಜಂತಿಗೆ ಓರೆಯಾಗಿ ತೂಗುಹಾಕಿದ. ಒಂದು ದಾರವನ್ನು ನನ್ನ ಕೈಗೆ ಕೊಟ್ಟ. ಎಳೆದರೆ ಕನ್ನಡಿ ವಾಲಿ ನನ್ನ ಕಾಲು ಕಾಣುತ್ತಿತ್ತು. ಬಿಟ್ಟರೆ ತಲೆಯ ಹಿಂದಿನ ಹಿತ್ತಲು, ಅದರ ನಡುವೆ ದೊಡ್ಡ ಬೇವಿನ ಮರ. ಎಡ ಬಲವಾಗಿ, ಬಲ ಎಡವಾಗಿ.

ಯುಗಾದಿಯ ಮುಂಚೆ. ಬೇವು ಹೂ ಬಿಟ್ಟಿತ್ತು. ಆ ಮರದ ಕಾಂಡದಲ್ಲಿ, ಎರಡಾಳೆತ್ತರದಲ್ಲಿ, ಒಂದು ಪೊಟರೆ ಇತ್ತು. ಹುಟ್ಟಿದಾಗಿನಿಂದ ನೋಡಿದ ಪೊಟರೆ. ನಾಲ್ಕೈದು ದಿನ ನೋಡಿದ ಮೇಲೆ ಅದು ಸಣ್ಣದಾಗುತ್ತಿದೆ ಅನ್ನಿಸಿತು.

ಕಂಪೌಂಡರರು ದಿನಾ ಮಧ್ಯಾಹ್ನ ಸೈಕಲ್ಲಿನ ಮೇಲೆ ಬಂದು ಸೂಜಿ ಚುಚ್ಚಿ ಹೋಗುತ್ತಿದ್ದರು. ಎರಡು ವಾರಕ್ಕೆ ಆ ಸೂಜಿಯ ದೆಸೆಯಿಂದ ನನ್ನ ಕಿವಿಯಲ್ಲಿ ಒಂದು ತಂತಿ ಮೀಟಿದ ಸದ್ದು ಶುರುವಾಗಿ ನಿಲ್ಲಲೇ ಇಲ್ಲ. ಆ ತಂತಿಯ ಹಿಂದಿನಿಂದ ಇನ್ನೊಂದು ಸದ್ದು ಬರುತ್ತಿತ್ತು, ಬಡ್ ಬಡ್ ಬಡ್ ಎಂದು. ಮೆಲ್ಲಗೆ, ಬಿಡದೆ, ಒದ್ದೆ ಗೋಡೆಗೆ ಯಾರೋ ಅಂಗೈಯಿಂದ ಬಡಿದ ಹಾಗೆ. ಮರದೊಳಗಿನಿಂದ.

ದಿನಾ ಬೆಳಿಗ್ಗೆ ಪೊಟರೆ ಇನ್ನೊಂದಿಷ್ಟು ಮುಚ್ಚಿರುತ್ತಿತ್ತು. ಬೂದಿ ಬಣ್ಣದ ಮಣ್ಣು. ಹೊರಗೆ ಯಾರೂ ಇಲ್ಲ. ಒಳಗಿನಿಂದಲೇ ಗೋಡೆ ಏಳುತ್ತಿತ್ತು. ಕೊನೆಗೆ ಒಂದು ಸೀಳು ಮಾತ್ರ ಉಳಿಯಿತು, ಬೆರಳಗಲದ್ದು. ಅದರೊಳಗಿನಿಂದ ಕತ್ತಿಯ ತುದಿಯಂಥದ್ದೊಂದು ಹೊರಗೆ ಬಂದು ಒಳಗೆ ಹೋಯಿತು.

“ನೀಲಾ, ಮರದಾಗ ಯಾರೋ ಅದಾರ. ಬಾಗಲಾ ಹಾಕ್ಕೊಳ್ಳಾಕತ್ತಾರ” ಅಂದೆ.

ಅವಳು ಗಾಬರಿಯಾಗಿ ಹಣೆ ಮುಟ್ಟಿದಳು. ಅವತ್ತು ಜ್ವರ ಇರಲಿಲ್ಲ. ಅದು ಅವಳನ್ನು ಇನ್ನಷ್ಟು ಹೆದರಿಸಿತು. ಅವ್ವ ಒಳಗಿನಿಂದ ವಿಭೂತಿ ತಂದು ನನಗೆ ಹಚ್ಚಿದಳು. ಆಮೇಲೆ ಹೋಗಿ ಮರಕ್ಕೂ ಹಚ್ಚಿ ಬಂದಳು.

ನಿಜ ಹೇಳಿದವರು ಕಂಪೌಂಡರರು. ಅವರು ಯಲ್ಲಾಪುರದ ಕಡೆಯವರು, ಕಾಡು ಕಂಡವರು. ಸೂಜಿ ಕುದಿಸಲು ಇಟ್ಟು ಹಿತ್ತಲಿಗೆ ಹೋಗಿ ನೋಡಿ ಬಂದು ನಕ್ಕರು.

“ಮಾಸ್ತರೇ, ನಿಮಗೆ ಹುಚ್ಚು ಹಿಡಿದಿಲ್ಲ. ಅದು ಮಂಗಟ್ಟೆ ಹಕ್ಕಿ. ಹೆಣ್ಣು ಒಳಗೆ ಹೋಗಿ ತನ್ನನ್ನು ತಾನೇ ಗೋಡೆ ಹಾಕಿಕೊಳ್ತದೆ. ರೆಕ್ಕೆಯ ಗರಿಯನ್ನೂ ಉದುರಿಸಿಕೊಳ್ತದೆ. ಮರಿ ದೊಡ್ಡದಾಗೋ ತನಕ ಹೊರಗೆ ಬರೋದಿಲ್ಲ. ಗಂಡು ತಂದು ತಿನ್ನಿಸಬೇಕು.”

“ಗಂಡು ಬರಲಿಲ್ಲಂದ್ರ?” ನೀಲವ್ವ ಕೇಳಿದಳು.

“ಬರ್ತದೆ. ಬಂದೇ ಬರ್ತದೆ.”

ಬರುತ್ತಿತ್ತು. ಬೂದು ಬಣ್ಣದ, ಉದ್ದ ಬಾಲದ ಹಕ್ಕಿ, ಬಾಗಿದ ದೊಡ್ಡ ಕೊಕ್ಕಿನ ಮೇಲೆ ಇನ್ನೊಂದು ಕೊಂಬು. ಅಣ್ಣ ಅಂಗಡಿಗೆ ಹೊರಡುವ ಹೊತ್ತಿಗೊಮ್ಮೆ, ಸೂಜಿಯ ಹೊತ್ತಿಗೊಮ್ಮೆ, ದನ ಮನೆಗೆ ಬರುವ ಹೊತ್ತಿಗೊಮ್ಮೆ. ಪೊಟರೆಯ ಕೆಳಗಿನ ಒಂದೇ ಕೊಂಬೆಯ ಮೇಲೆ ಕೂತು, ಗಂಟಲಿನಿಂದ ಒಂದೊಂದೇ ಆಲದ ಹಣ್ಣು ತೆಗೆದು ಸೀಳಿನೊಳಗೆ ಕೊಡುತ್ತಿತ್ತು. ಒಳಗಿನ ಕೊಕ್ಕು ತೆಗೆದುಕೊಳ್ಳುತ್ತಿತ್ತು. ನೀಲವ್ವ ನನಗೆ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಬಾಯಿಗೆ ಇಡುತ್ತ ಕನ್ನಡಿಯಲ್ಲಿ ಅದನ್ನು ನೋಡುತ್ತಿದ್ದಳು. “ಬಾಣಂತಿ ಉಂಡಳು” ಅನ್ನುತ್ತಿದ್ದಳು. ತಿಂಗಳುಗಟ್ಟಲೆ ಹೆದರಿ ಬದುಕಿದ ಮನೆಯಲ್ಲಿ ಅದೊಂದು ನಗುವ ಮಾತು. ಅಂಗಡಿಯಿಂದ ಬಂದ ಅಣ್ಣ ಕೂಡ ಮೊದಲು “ಬಾಣಂತಿ ಹೆಂಗದಾಳ?” ಎಂದು ಕೇಳಿ, ಆಮೇಲೆ ನನ್ನನ್ನು ವಿಚಾರಿಸುತ್ತಿದ್ದ.

ಐದು ವಾರ ಹಾಗೆ ಕಳೆಯಿತು. ಒಂದು ಬೆಳಿಗ್ಗೆ ನೀಲವ್ವ ಅಂಬಲಿ ತಂದವಳು ಬಟ್ಟಲು ಕೈಬಿಟ್ಟು ಚೀರಿದಳು. ನಾನು ದಾರ ಎಳೆದು ಕನ್ನಡಿ ವಾಲಿಸಿದೆ. ನನ್ನ ಬಲಗಾಲಿನ ಬೆರಳುಗಳನ್ನು ಕೆಂಪಿರುವೆ ಮುತ್ತಿದ್ದವು. ಬೆರಳ ಸಂದಿಯಿಂದ ರಕ್ತ ಒಸರುತ್ತಿತ್ತು. ನೀಲವ್ವ ಎರಡೂ ಕೈಯಿಂದ ಒರೆಸಿದಳು, ಉಜ್ಜಿದಳು. ಯಾರದೋ ಕಾಲನ್ನು ಯಾರೋ ಉಜ್ಜುವುದನ್ನು ನೋಡಿದ ಹಾಗೆ ನಾನು ನೋಡುತ್ತಿದ್ದೆ. ನನಗೆ ಏನೂ ಗೊತ್ತಾಗಲಿಲ್ಲ.

“ಕಾಲು ಅಲುಗಸ್ರಿ” ಅಂದಳು.

ಅಲುಗಿಸಿದೆ. ಕನ್ನಡಿಯೊಳಗಿನ ಕಾಲು ಅಲುಗಲಿಲ್ಲ.

ಅಣ್ಣ ಅದೇ ದಿನ ಹುಬ್ಬಳ್ಳಿಗೆ ಹೋಗಿ, ಮರುದಿನ ಬಂದ. ಡಾಕ್ಟರು ಹೇಳಿಕಳಿಸಿದ್ದು ಇಷ್ಟೇ: ಒಳಗಿನ ಕೀವು ನರ ಒತ್ತಿದೆ. ಸೂಜಿ ನಿಲ್ಲಿಸಬೇಡಿ, ಅಲುಗಾಡಿಸಬೇಡಿ, ಕಾಯಿರಿ. ಕಾದರೆ ಕಾಲು ಬರುತ್ತದೆಯೇ ಎಂದು ಅಣ್ಣ ಕೇಳಿದನಂತೆ. ಬರಬಹುದು ಅಂದರಂತೆ.

‘ಬರಬಹುದು’ ಎಂಬ ಮಾತಿನ ಜೊತೆ ಹತ್ತು ದಿನ ಮಲಗಿ ನೋಡಿದವರಿಗೆ ಗೊತ್ತು ಅದು ಏನೆಂದು. ಹನ್ನೊಂದನೆಯ ದಿನ ಅವ್ವ ಬಾದಾಮಿಯ ಗುಡ್ಡದ ಕಡೆಯ ಒಬ್ಬ ಔಷಧದ ಮುದುಕನನ್ನು ಕರೆಸಿದಳು. ಯಲ್ಲಪ್ಪಜ್ಜ ಎಂದು ಹೆಸರು. ಕಡ್ಡಿಯಂಥ ಆಳು, ಮಾತು ಕಡಿಮೆ. ನನ್ನ ಪಾದಕ್ಕೆ ಮುಳ್ಳು ಚುಚ್ಚಿ ನನ್ನ ಕಣ್ಣು ನೋಡಿದ. ಇನ್ನಷ್ಟು ಚುಚ್ಚಿದ. ಆಮೇಲೆ ತಲೆಯೆತ್ತಿ ನಮ್ಮ ಮರದ ಕಡೆ ತುಸು ಹೊತ್ತು ನೋಡಿದ.

“ಔಷಧ ದೂರ ಇಲ್ಲ ತಾಯಿ. ನಿಮ್ಮ ಹಿತ್ತಲದಾಗ ಹಾರ್ಯಾಡಾಕತ್ತೇತಿ. ಆ ಗಂಡಿನ ಎಣ್ಣಿ ತಗದು ತಿಕ್ಕಿದ್ರ ಸತ್ತ ನರ ಏಳತಾವು.”

ನಮ್ಮದು ಲಿಂಗ ಕಟ್ಟಿದ ಮನೆ. ಅವ್ವ ಒಲೆಗೆ ಕಟ್ಟಿಗೆ ಇಡುವ ಮೊದಲು ಇರುವೆ ಇದ್ದಾವೇನೋ ಎಂದು ಕೊಡವಿ ಇಡುವವಳು. ಅವಳ ಮುಖ ನನಗೆ ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುತ್ತಿತ್ತು. ಗುರುತು ಹತ್ತಲಿಲ್ಲ.

“ಬ್ಯಾಡ್ರಿ ಅತ್ತಿ” ನೀಲವ್ವ ಅಂದಳು. “ಒಳಗ ಜೀವಾ ಅದಾವ್ರಿ. ಮರಿ ಚಿಂವ್ ಚಿಂವ್ ಅನ್ನೂದು ನಿನ್ನಿ ಕೇಳೇನಿ ನಾ. ಅದು ಸತ್ರ ಅವಕ್ಕ ಯಾರ ತಂದ ಹಾಕ್ತಾರ?”

“ನನ್ನ ಮಗನ್ನ ಯಾರ ಎಬ್ಬಸ್ತಾರವಾ?” ಅಂದಳು ಅವ್ವ. ಗದರಲಿಲ್ಲ. ನಿಜವಾಗಿಯೂ ಕೇಳಿದಳು.

ಅಣ್ಣ ನನ್ನ ಕಡೆ ತಿರುಗಿದ. “ನೀ ಹೇಳಪಾ. ನಿನ್ನ ಮೈ ಐತಿ.”

ಎಲ್ಲರೂ ನನ್ನ ಕಡೆ ನೋಡಿದರು. ನೀಲವ್ವ ನೋಡಿದ್ದು ಕನ್ನಡಿಯಲ್ಲಿ, ನೇರ ನನ್ನ ಕಣ್ಣಿಗೆ. ಬೇಡ ಎನ್ನಲು ಒಂದೇ ಮಾತು ಸಾಕಿತ್ತು. ನನಗೆ ಆ ಹುಬ್ಬಳ್ಳಿಯ ಹುಡುಗಿಯ ಬೆರಳು ಬೆನ್ನ ಮೇಲೆ ಓಡಿದ ಹಾಗಾಯಿತು.

“ನಿಮಗ ತಿಳಿದಂಗ ಮಾಡ್ರಿ” ಅಂದೆ.

ಮರುದಿನ ಮುಂಜಾನೆ ಯಲ್ಲಪ್ಪಜ್ಜ ಕುದುರೆ ಬಾಲದ ಕೂದಲಿನ ಉರುಲನ್ನು ಪೊಟರೆಯ ಕೆಳಗಿನ ಕೊಂಬೆಗೆ ಕಟ್ಟಿ, ಬಣವೆಯ ನೆರಳಲ್ಲಿ ಕೂತ. ಅವ್ವ ಪೂಜೆಯ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀಲವ್ವ ಕೊಡ ತಗೊಂಡು ಹೊಳೆಗೆ ಹೋದಳು. ಬಿರು ಬಿಸಿಲು. ಕನ್ನಡಿಯ ದಾರ ನನ್ನ ಕೈಯಲ್ಲೇ ಇತ್ತು. ಎಳೆದಿದ್ದರೆ ನನ್ನ ಕಾಲು ಕಾಣುತ್ತಿತ್ತು, ಮರ ಕಾಣುತ್ತಿರಲಿಲ್ಲ. ನಾನು ಎಳೆಯಲಿಲ್ಲ.

ಸೂಜಿಯ ಹೊತ್ತಿಗೆ ಗಂಡು ಬಂತು. ಕೊಂಬೆಯ ಮೇಲೆ ಕೂತಿತು. ಗಂಟಲಿನಿಂದ ಒಂದು ಹಣ್ಣು ತೆಗೆದು ಸೀಳಿಗೆ ಕೊಟ್ಟಿತು. ಎರಡನೆಯದನ್ನು ತೆಗೆಯುವಾಗ ಕಾಲು ಸರಿಸಿತು. ಆಮೇಲೆ ಅದು ತಲೆಕೆಳಗಾಗಿ ತೂಗುತ್ತಿತ್ತು, ಒಂದು ರೆಕ್ಕೆ ಪೂರ್ತಿ ಬಿಚ್ಚಿಕೊಂಡು. ಅದರ ಕೊಕ್ಕು ಅಗಲ ತೆರೆದಿತ್ತು. ಕೂಗಿರಬೇಕು. ನನ್ನ ಕಿವಿಯ ತಂತಿಯಲ್ಲಿ ಆ ಕೂಗು ಮುಳುಗಿಹೋಯಿತು. ಸದ್ದೇ ಇಲ್ಲದ ಬಾಯಿ ಮಾತ್ರ ಕಂಡಿತು. ಸೀಳಿನಿಂದ ಒಳಗಿನ ಕೊಕ್ಕು ಹೊರಗೆ ಬಂದು, ಎರಡನೆಯ ಹಣ್ಣಿಗಾಗಿ ತೆರೆದುಕೊಂಡೇ ಇತ್ತು.

ಎಣ್ಣೆ ಒಂದು ಸಣ್ಣ ಸೀಸೆಯಲ್ಲಿ ಬಂತು. ಸುಟ್ಟ ತೊಗಲಿನ ವಾಸನೆ, ಅದರ ಹಿಂದೆ ಹಣ್ಣು ಕೊಳೆತ ವಾಸನೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ. ಪಾದದಿಂದ ಮೊಣಕಾಲಿನವರೆಗೆ ತಿಕ್ಕಿದಳು. ಮುಗಿಸಿ ಬಾವಿಯ ಹತ್ತಿರ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ದಿನಕ್ಕೆ ಎರಡು ಸಲ ಹಾಗೆ. ಅವಳ ಕೈ ನನ್ನ ಕಾಲ ಮೇಲೆ ಓಡುವುದನ್ನು ಕನ್ನಡಿಯಲ್ಲಿ ನೋಡುತ್ತಿದ್ದೆ. ಕಾಲಿಗೆ ಗೊತ್ತಾಗುತ್ತಿರಲಿಲ್ಲ.

ದಾರ ಬಿಟ್ಟರೆ ಮರ. ಅಣ್ಣ ಅಂಗಡಿಗೆ ಹೊರಡುವ ಹೊತ್ತಿಗೆ ಕೊಕ್ಕು ಹೊರಗೆ ಬರುತ್ತಿತ್ತು. ಸೂಜಿಯ ಹೊತ್ತಿಗೆ ಬರುತ್ತಿತ್ತು. ದನ ಬರುವ ಹೊತ್ತಿಗೆ ಬರುತ್ತಿತ್ತು. ತೆರೆದು, ಕಾದು, ಒಳಗೆ ಹೋಗುತ್ತಿತ್ತು. ಎರಡನೆಯ ದಿನ ಹೊತ್ತು ಗೊತ್ತು ಬಿಟ್ಟು, ಹೊರಗೇ ಇರತೊಡಗಿತು. ಅದರ ತುದಿಯ ಮೇಲೆ ನೊಣ ಕೂತು ಏಳುತ್ತಿದ್ದವು. ಆ ಎರಡು ದಿನ ನೀಲವ್ವ ನನಗೆ ಉಣಿಸಿದಳು, ಮೈ ಒರೆಸಿದಳು, ಒಂದು ಮಾತೂ ಆಡಲಿಲ್ಲ. ಕಂಪೌಂಡರರು ಬಂದು ಕಾಲು ಮೂಸಿ ನೋಡಿ, ಮರ ನೋಡಿ, ಸೂಜಿ ಚುಚ್ಚಿ, ನೀರು ಕೂಡ ಕುಡಿಯದೆ ಹೋದರು.

ಮೂರನೆಯ ದಿನ ನೀಲವ್ವ ಹೊಳೆದಂಡೆಯ ಆಲದ ಮರದಿಂದ ಸೆರಗಿನ ತುಂಬ ಹಣ್ಣು ತಂದಳು. ಬಿದಿರ ಗಳದ ತುದಿ ಸೀಳಿ ಅದರಲ್ಲಿ ಒಂದು ಹಣ್ಣು ಸಿಕ್ಕಿಸಿ, ಏಣಿ ಹತ್ತಿ ಸೀಳಿನ ಹತ್ತಿರ ಹಿಡಿದಳು. ಕೊಕ್ಕು ಸರ್ರನೆ ಒಳಗೆ ಹೋಯಿತು. ಅವಳು ಕದಲಲಿಲ್ಲ. ಬಿಸಿಲು ನೆತ್ತಿಗೆ ಬಂತು. ಕೊಕ್ಕು ಬಂದು ಗಳವನ್ನು ಕಚ್ಚಿ ಜಗ್ಗಿತು, ಹಣ್ಣು ಕೆಳಗೆ ಬಿತ್ತು. ಇನ್ನೊಂದು ಸಿಕ್ಕಿಸಿದಳು. ಸಂಜೆಯ ಹೊತ್ತಿಗೆ ಒಂದನ್ನು ತೆಗೆದುಕೊಂಡಿತು.

“ಬಾಣಂತಿ ಉಂಡಳು” ಅಂದಳು ಒಳಗೆ ಬಂದು. ನನಗೆ ಹೇಳಿದ್ದಲ್ಲ.

ಹಣ್ಣು ಮಾತ್ರ ಸಾಲುವುದಿಲ್ಲ, ಮರಿಗೆ ಹುಳ ಬೇಕು ಎಂದು ಕಂಪೌಂಡರರು ಹೇಳಿದ್ದು ಅವಳಿಗೆ ನೆನಪಿತ್ತು. ಹೊಲದ ಬದುವಿಗೆ ಹೋಗಿ ಮಿಡತೆ ಹಿಡಿದು ತಂದಳು. ಜನ್ಮದಲ್ಲಿ ಹುಳ ಕೊಂದವಳಲ್ಲ. ಕಣ್ಣು ಮುಚ್ಚಿಕೊಂಡು ಅವುಗಳ ತಲೆ ಚಿವುಟುತ್ತಿದ್ದಳು, ಕಣ್ಣೀರು ತಾನೇ ಇಳಿಯುತ್ತಿತ್ತು. ಅವ್ವ ನೋಡಿದಳು.

“ಲಿಂಗಾ ಹಿಡಿಯೂ ಕೈಲೆ ಏನ ಮಾಡಾಕತ್ತೀಯವಾ?”

ನೀಲವ್ವ ತಿರುಗಿ ಅವ್ವನ ಎಣ್ಣೆಗೈ ನೋಡಿದಳು. ಅವ್ವ ಹೋಗಿ ಏಣಿಯ ಬುಡ ಹಿಡಿದುಕೊಂಡಳು.

ಹೀಗೆ ದಿನ ಹೋದವು. ನಡುವೆ ನೀಲವ್ವನಿಗೆ ಎರಡು ದಿನ ಚಳಿಜ್ವರ ಬಂದು ಮಲಗಿದಾಗ, ಅರವತ್ತು ದಾಟಿದ ಅವ್ವ ಕಚ್ಚೆ ಹಾಕಿ ಏಣಿ ಹತ್ತಿದಳು. “ತಿನ್ನ ತಾಯಿ, ತಿನ್ನ. ನನ್ನ ಪಾಪ ನಿನ್ನ ಮಕ್ಕಳಿಗೆ ಬ್ಯಾಡ” ಅನ್ನುತ್ತಿದ್ದಳಂತೆ. ಅಣ್ಣ ಹೇಳಿದ.

ಮೃಗಶಿರಾ ಮಳೆ ಹನಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಒಳಗಿನಿಂದ ಬಡಿಯುವ ಸದ್ದು ಜೋರಾಯಿತು. ಮಣ್ಣಿನ ಗೋಡೆ ಚೂರು ಚೂರಾಗಿ ಉದುರಿತು. ಹೆಣ್ಣು ಹೊರಗೆ ಬಂತು. ಹೊಸ ಗರಿ ಸೊಟ್ಟಗಾಗಿದ್ದವು. ಅದೇ ಕೊಂಬೆಯ ಮೇಲೆ ಕೂತು, ಕತ್ತು ತಿರುಗಿಸಿ ತಿರುಗಿಸಿ ನಾಲ್ಕೂ ದಿಕ್ಕು ನೋಡಿತು. ಆಮೇಲೆ ಹಾರಿ ಹೋಯಿತು.

ಹೋಯಿತಲ್ಲ, ಮರಿಗಳನ್ನು ಬಿಟ್ಟು ಹೋಯಿತಲ್ಲ ಎಂದು ನಾನು ತೆರೆದ ಪೊಟರೆಯನ್ನೇ ನೋಡುತ್ತ ಮಲಗಿದೆ. ಮಧ್ಯಾಹ್ನ ಆ ಸದ್ದು ಮತ್ತೆ ಶುರುವಾಯಿತು. ಬಡ್ ಬಡ್ ಬಡ್. ಪೊಟರೆಯ ಕೆಳ ಅಂಚಿನಿಂದ ಬೂದಿ ಬಣ್ಣದ ಗೋಡೆ ಮತ್ತೆ ಏಳುತ್ತಿತ್ತು. ತಾಯಿ ಹೊರಗಿದ್ದಳು. ಒಳಗಿನಿಂದ ಯಾರೋ ಮುಚ್ಚುತ್ತಿದ್ದರು. ನನ್ನ ಮೈಮೇಲೆ ಮುಳ್ಳು ಎದ್ದವು. ನೀಲವ್ವನನ್ನು ಕೂಗಿದೆ. ಅವಳು ಏಣಿ ಹತ್ತಿ ಇಣುಕಿ, ಬಹಳ ಹೊತ್ತು ನೋಡಿ ಇಳಿದಳು.

“ಮರಿಗೋಳರಿ” ಅಂದಳು. ದನಿ ಪಿಸುಮಾತಾಗಿತ್ತು. “ಕಣ್ಣ ಬಿಟ್ಟು ಭಾಳ ದಿನಾ ಆಗಿಲ್ಲ, ಮೈಮ್ಯಾಲೆ ಗರಿ ಇಲ್ಲ. ತಾವ ಕಟ್ಟಾಕತ್ತಾವ. ಯಾರ ಕಲಿಸಿದ್ರರಿ ಅವಕ್ಕ?”

ಹುಟ್ಟಿದಾಗಿನಿಂದ ಕತ್ತಲೆಯನ್ನೇ ಕಂಡವಕ್ಕೆ ಬೆಳಕು ಬಂದದ್ದೇ ಭಯವಾಗಿತ್ತೇನೋ. ನನಗೆ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಆ ದಿನ ನಾನು ಮೊದಲ ಸಲ ಅತ್ತೆ. ಅಂಗಾತ ಮಲಗಿದವನ ಕಣ್ಣೀರು ಕಿವಿಯೊಳಗೆ ಇಳಿಯುತ್ತದೆ. ಒಂದು ಗಳಿಗೆ ಆ ತಂತಿಯ ಸದ್ದು ಮಸುಕಾಯಿತು.

ಸಂಜೆ ಹೆಣ್ಣು ತಿರುಗಿ ಬಂತು, ಗಂಟಲು ತುಂಬ ಹಣ್ಣು ಹೊತ್ತುಕೊಂಡು. ಅಲ್ಲಿಂದ ಮುಂದೆ ಅದೊಂದೇ ದುಡಿಯಿತು. ನೀಲವ್ವ ಕೊಂಬೆಯ ಮೇಲೆ ಹಣ್ಣು ಇಟ್ಟು ಬರುತ್ತಿದ್ದಳು. ಅದು ಒಮ್ಮೊಮ್ಮೆ ತೆಗೆದುಕೊಳ್ಳುತ್ತಿತ್ತು, ಒಮ್ಮೊಮ್ಮೆ ಇಲ್ಲ.

ಕಾರ ಹುಣ್ಣಿಮೆ ಆಗಿ ಎರಡು ವಾರ. ಅವ್ವ ಎಣ್ಣೆ ತಿಕ್ಕುತ್ತಿದ್ದಾಗ ನನಗೆ ಬಲಗಾಲಿನ ಹೆಬ್ಬೆರಳಲ್ಲಿ ಬಿಸಿ ಅನ್ನಿಸಿತು. ಹೇಳಲಿಲ್ಲ, ಸುಳ್ಳಾದರೆ ಎಂದು. ಮರುದಿನ ದಾರ ಎಳೆದು ಕನ್ನಡಿಯಲ್ಲಿ ಆ ಬೆರಳನ್ನೇ ನೋಡುತ್ತ ಅಲುಗು ಅಂದೆ. ಅಲುಗಿತು, ತೂಕಡಿಸುವವನ ತಲೆಯ ಹಾಗೆ.

“ಫಲಾ ಕೊಡ್ತು!” ಅವ್ವ ಸೀಸೆಯನ್ನು ಎದೆಗವಚಿಕೊಂಡಳು. “ಎಣ್ಣಿ ಫಲಾ ಕೊಡ್ತು ನೋಡ್ರೋ!”

ಕೀವು ಇಳಿದು ನರ ಸಡಿಲಾಯಿತು, ಸೂಜಿ ಕೆಲಸ ಮಾಡಿತು ಎಂದು ಡಾಕ್ಟರು ಆಮೇಲೆ ಹೇಳಿದರು. ಅವರ ಮಾತನ್ನೇ ನಾನು ನಂಬುತ್ತೇನೆ. ಆದರೆ ಅವ್ವನಿಗೆ ಅದನ್ನು ಎಂದೂ ಹೇಳಲಿಲ್ಲ. ಹೇಳಿದ್ದರೆ ಆ ಹಕ್ಕಿ ಸುಮ್ಮನೆ ಸತ್ತ ಹಾಗಾಗುತ್ತಿತ್ತು, ಅವಳ ಕೈಯಿಂದ. ಅವಳು ಸಾಯುವವರೆಗೂ ದಿನಾ ಪೂಜೆಯ ಕೊನೆಗೆ ಒಂದು ಹೂವನ್ನು ಬೇವಿನ ಬುಡಕ್ಕೆ ಇಟ್ಟು ಬರುತ್ತಿದ್ದಳು.

ಮರಿಗಳು ಹೊರಗೆ ಬಂದಾಗ ನಾನು ನೋಡಿದೆ. ಗೋಡೆ ಒಡೆದು ಒಂದು ಬಂತು, ಬೂದು ಗರಿ, ಇನ್ನೂ ಕೊಂಬು ಮೂಡದ ಕೊಕ್ಕು. ಕೊಂಬೆಯ ಮೇಲೆ ದಿನವಿಡೀ ಕೂತು, ಸಂಜೆ ತಾಯಿಯ ಹಿಂದೆ ಹಾರಿತು. ಎರಡು ದಿನ ಬಿಟ್ಟು ಇನ್ನೊಂದು. ಆಮೇಲೆ ಮರ ಸುಮ್ಮನಾಯಿತು. ನೀಲವ್ವ ಏಣಿ ಹತ್ತಿ ಪೊಟರೆಯೊಳಗೆ ಕೈ ಹಾಕಿ ಏನನ್ನೋ ಸೆರಗಲ್ಲಿ ಕಟ್ಟಿಕೊಂಡು ಇಳಿದಳು. ಹಿತ್ತಲ ಮೂಲೆಯಲ್ಲಿ ಕುಣಿ ತೋಡಿ ಮುಚ್ಚಿದಳು. ಏನೆಂದು ನಾನು ಕೇಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ನನ್ನನ್ನು ಆ ದೋಣಿಯಿಂದ ಎತ್ತಿದರು. ಮೊದಲ ಸಲ ಕೂರಿಸಿದಾಗ ಗೋಡೆಗಳೆಲ್ಲ ಮುಂದಕ್ಕೆ ಬಿದ್ದವು. ನಡುವಿಗೆ ತೊಗಲಿನ ಪಟ್ಟಿ ಬಿಗಿದರು. ಬೆನ್ನಲ್ಲಿ ಒಂದು ಸಣ್ಣ ಉಬ್ಬು ಉಳಿಯಿತು, ಅಂಗಿ ಹಾಕಿದರೆ ಕಾಣದಷ್ಟು. ಮೊದಲು ಎರಡು ಹೆಜ್ಜೆ, ಆಮೇಲೆ ಪಡಸಾಲೆಯ ಉದ್ದ, ಆಮೇಲೆ ಬಾವಿಯವರೆಗೆ. ಸಂಕ್ರಾಂತಿಯ ಮುಂಚೆ ಒಂದು ಬೆಳಿಗ್ಗೆ ನೀಲವ್ವನ ಹೆಗಲು ಹಿಡಿದು ಹೊಳೆಯವರೆಗೂ ನಡೆದೆ. ಮಲಪ್ರಭೆ ಬತ್ತಿ ಬಂಡೆಗಳ ನಡುವೆ ಹರಿಯುತ್ತಿತ್ತು. ದಂಡೆಯ ಕಲ್ಲಿನ ಮೇಲೆ ಕೂತೆವು.

ಅಷ್ಟು ತಿಂಗಳು ಕೇಳದ್ದನ್ನು ಅವತ್ತು ಕೇಳಿದೆ. “ಆ ಎರಡು ದಿನಾ ನೀ ನನ್ನ ಜೋಡಿ ಮಾತಾಡಲಿಲ್ಲ.”

ಅವಳು ನೀರು ನೋಡುತ್ತಿದ್ದಳು. “ಸಿಟ್ಟಲ್ಲರಿ ಅದು. ಹೆದರಿದ್ನಿ.”

“ಯಾರಿಗೆ?”

“ನಿಮಗ. ನಿಮಗ ತಿಳಿದಂಗ ಮಾಡ್ರಿ ಅಂದ್ರೆಲಾ, ಆವಾಗ ನಿಮ್ಮ ಕಣ್ಣ ಕನ್ನಡ್ಯಾಗ ಕಂಡ್ವು. ಆ ಹೊತ್ತಿನ್ಯಾಗ ಆ ಅಜ್ಜ ಔಷಧಕ್ಕ ನನ್ನ ಕೇಳಿದ್ರೂ ನೀವು ಹಂಗ ಅಂತಿದ್ರಿ ಅನ್ನಿಸ್ತು.”

ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವತ್ತಿನ ನನ್ನನ್ನು ನಾನು ಬಲ್ಲೆ. ಬದುಕಿ ಎದ್ದ ಮೇಲೆ ಎಲ್ಲರೂ ಒಳ್ಳೆಯವರು.

“ಗೊತ್ತಿಲ್ಲ ನೀಲಾ. ಅಂತಿದ್ನೋ ಏನೋ” ಅಂದೆ.

ಅವಳು ತಲೆದೂಗಿದಳು, ಬೆಲೆ ಒಪ್ಪಿದವರ ಹಾಗೆ. ಆಮೇಲೆ ಅಂದಳು: “ಒಳಗ ಮೂರು ಮರಿ ಇದ್ದೂರಿ. ಒಂದು ಒಣಗಿ ಹೋಗಿತ್ತು, ಇಷ್ಟ ಇತ್ತು. ಕಣ್ಣ ಸೈತ ಬಿಟ್ಟಿರಲಿಲ್ಲ. ನಾ ಹೆದರಿ ಸುಮ್ಮನ ಕುಂತ್ನೆಲಾ, ಆ ಎರಡ ದಿನದಾಗ ಹೋಗೇತಿ ಅದು. ಅದು ನನ್ನ ಪಾಲು.”

ಕೈಯನ್ನು ಅವಳ ಕೈಯ ಪಕ್ಕ ಇಟ್ಟೆ. ಮುಟ್ಟಲಿಲ್ಲ. ಕಲ್ಲು ಇನ್ನೂ ತಣ್ಣಗಿತ್ತು. ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಕೈ ಎತ್ತಿ ಬಡಿಯುವುದು ಕಾಣುತ್ತಿತ್ತು, ಸದ್ದು ನನ್ನ ಕಿವಿಗೆ ತಲುಪುತ್ತಿರಲಿಲ್ಲ.

ಅವಳೇ ಮೊದಲು ಎದ್ದಳು. ಸೀರೆ ಕೊಡವಿಕೊಂಡು, ನನ್ನ ಮುಂದೆ ಬಂದು, ಬೆನ್ನು ತಿರುಗಿಸಿ ನಿಂತು ಹೆಗಲು ತಗ್ಗಿಸಿದಳು.

“ಹಿಡೀರಿ. ಮುಂದ ಉಸುಕೈತಿ, ಕಾಲ ಹುಗೀತಾವು. ಮೆಲ್ಲಕ ಬರ್ರಿ.”